ಆರು ತಿಂಗಳ ಕಾಡು: ಮ್ಯಾನ್‌ಹಾಟನ್‌ನಲ್ಲಿ ನಿಂತಿದ್ದ 49 ಮರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಹುಟ್ಟಿ ಬೆಳೆದದ್ದು ಉತ್ತರ ಕನ್ನಡದ ಹಳಿಯಾಳದ ಹತ್ತಿರ. ನಮ್ಮ ಅಜ್ಜ ನಾಟಾ ಡಿಪೋದಲ್ಲಿ ದಿಮ್ಮಿಗಳ ಅಳತೆ ಬರೆಯುವ ಕೆಲಸ ಮಾಡಿದವರು. ಹಾಗಾಗಿ ನ್ಯೂಜೆರ್ಸಿಯ ಕಾಡಿನ 49 ಮರಗಳನ್ನು ತಂದು ನ್ಯೂಯಾರ್ಕ್ ಪಟ್ಟಣದ ನಡುವೆ "ಘೋಸ್ಟ್ ಫಾರೆಸ್ಟ್" ಎಂಬ ಕಲಾಕೃತಿಯಾಗಿ ನಿಲ್ಲಿಸಿದ್ದಾರೆ ಎಂದು 2021ರಲ್ಲಿ ಗೊತ್ತಾದಾಗ ನೋಡದೆ ಇರಲು ಆಗಲಿಲ್ಲ. ಮೂರು ಸಲ ಹೋದೆ. ಆಮೇಲೆ ಊರಿಂದ ಬಂದ ನೆಂಟರಿಗೆ, ಇಲ್ಲಿಯ ಕನ್ನಡ ಗೆಳೆಯರಿಗೆ ಫೋಟೊ ತೋರಿಸಿದಾಗಲೆಲ್ಲ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬಂದವು. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

"ಘೋಸ್ಟ್ ಫಾರೆಸ್ಟ್" ಅಂದರೇನು? ದೆವ್ವದ ಕಾಡಾ?

ದೆವ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ಸಿಹಿನೀರಿನ ಜೌಗಿಗೆ ಕಡಲಿನ ಉಪ್ಪುನೀರು ನುಗ್ಗಿದರೆ ಅಲ್ಲಿಯ ಮರಗಳು ನಿಂತಲ್ಲೇ ಸಾಯುತ್ತವೆ. ತೊಗಟೆ ಕಳಚಿ, ರೆಂಬೆ ಮುರಿದು, ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿ ವರ್ಷಗಟ್ಟಲೆ ಹಾಗೇ ನಿಂತಿರುತ್ತವೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಇಂಥ ಕಾಡಿಗೆ ಘೋಸ್ಟ್ ಫಾರೆಸ್ಟ್ ಎನ್ನುತ್ತಾರೆ. ಕಲಾವಿದೆ ಮಾಯಾ ಲಿನ್ ತಮ್ಮ ಕಲಾಕೃತಿಗೂ ಇದೇ ಹೆಸರಿಟ್ಟರು. ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಪ್ರದೇಶದಿಂದ 49 ಅಟ್ಲಾಂಟಿಕ್ ವೈಟ್ ಸೀಡರ್ ಮರಗಳನ್ನು ತಂದು ಮ್ಯಾನ್‌ಹಾಟನ್‌ನ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನ ಹುಲ್ಲುಹಾಸಿನ ಮೇಲೆ ನೆಟ್ಟಗೆ ನಿಲ್ಲಿಸಿದರು. ಒಂದೊಂದೂ ಸುಮಾರು 40 ಅಡಿ ಎತ್ತರ, ಅಂದರೆ ನಾಲ್ಕು ಅಂತಸ್ತಿನ ಮನೆಯಷ್ಟು. 2020ರಲ್ಲೇ ಆಗಬೇಕಿದ್ದ ಕೆಲಸ ಕೊರೊನಾದಿಂದ ಮುಂದಕ್ಕೆ ಹೋಗಿ 2021ರ ಮೇ 10ರಂದು ತೆರೆಯಿತು, ನವೆಂಬರ್ 14ರವರೆಗೆ ಇತ್ತು.

ಮಾಯಾ ಅಂದರೆ ನಮ್ಮವರಾ?

ಹೆಸರು ಕೇಳಿ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಅಲ್ಲ, ಅವರ ತಂದೆ ತಾಯಿ ಚೀನಾದಿಂದ ಬಂದವರು. ಅವರು ಹುಟ್ಟಿದ್ದು 1959ರಲ್ಲಿ, ಒಹಾಯೊ ರಾಜ್ಯದಲ್ಲಿ. ವಾಷಿಂಗ್ಟನ್‌ಗೆ ಹೋದವರೆಲ್ಲ ನೋಡುವ ವಿಯೆಟ್ನಾಂ ಯುದ್ಧ ಸ್ಮಾರಕದ ಕಪ್ಪು ಕಲ್ಲಿನ ಗೋಡೆ, ಸತ್ತ ಸೈನಿಕರ ಹೆಸರು ಕೆತ್ತಿರುವುದು, ಇವರದೇ ವಿನ್ಯಾಸ. ಅದಕ್ಕೆ ಆಯ್ಕೆಯಾದಾಗ ಅವರಿಗೆ 21 ವರ್ಷ, ಇನ್ನೂ ವಿದ್ಯಾರ್ಥಿನಿ. ಆ ಗೋಡೆಯನ್ನು ಕಲ್ಲಿನಲ್ಲಿ ಶಾಶ್ವತವಾಗಿ ನಿಲ್ಲಿಸಿದ ಅದೇ ಕಲಾವಿದೆ ಕಾಡಿನ ಮಾತಿಗೆ ಬಂದಾಗ ಆರು ತಿಂಗಳಿಗೆ ತೆಗೆಯುವ ಕೃತಿ ಮಾಡಿದರು. ಇದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಸೀಡರ್ ಅಂದರೆ ದೇವದಾರು ತಾನೆ?

ಹೆಸರಿನಲ್ಲಿ ಮಾತ್ರ. ಹಿಮಾಲಯದ ದೇವದಾರು ಬೇರೆ ಕುಲದ್ದು. ಅಟ್ಲಾಂಟಿಕ್ ವೈಟ್ ಸೀಡರ್ ಸೈಪ್ರೆಸ್ ಕುಟುಂಬದ ಮರ. ಕರಾವಳಿಗೆ ಹತ್ತಿರದ ಜೌಗಿನಲ್ಲಿ, ಹುಳಿ ಗುಣದ ನೀರಿನಲ್ಲಿ, ಕಂಬ ನಿಲ್ಲಿಸಿದಷ್ಟು ಒತ್ತೊತ್ತಾಗಿ ಬೆಳೆಯುತ್ತದೆ. ಆ ನೀರು ಹಾಲು ಹಾಕದ ಚಹಾದ ಬಣ್ಣ. ಅದನ್ನು ಕೊಳಕು ಎಂದುಕೊಳ್ಳಬೇಡಿ, ಎಲೆ ತೊಗಟೆಯ ಒಗರು ಮತ್ತು ಮಣ್ಣಿನ ಕಬ್ಬಿಣದ ಅಂಶ ಸೇರಿ ಆ ಬಣ್ಣ ಬಂದಿರುತ್ತದೆ. ಮರ ಹಗುರ, ಎಳೆ ನೇರ, ಸುಲಭಕ್ಕೆ ಕೊಳೆಯುವುದಿಲ್ಲ, ಕೊಯ್ದರೆ ಘಮ್ಮೆನ್ನುತ್ತದೆ. ಇಷ್ಟು ಒಳ್ಳೆಯ ಗುಣಗಳಿದ್ದ ಮೇಲೆ ಮನುಷ್ಯ ಬಿಡುತ್ತಾನೆಯೇ? ಮರಕ್ಕೆ ಕಷ್ಟ ಬಂದದ್ದೂ ಈ ಗುಣಗಳಿಂದಲೇ.

ನ್ಯೂಜೆರ್ಸಿಯಲ್ಲಿ ನಾಟಾ ಉದ್ಯಮ ಇತ್ತಾ? ಅಲ್ಲಿ ಬರೀ ಹೈವೇ, ಮಾಲು, ಐಟಿ ಆಫೀಸು ತಾನೆ?

ವಿಮಾನ ಇಳಿದು ಟರ್ನ್‌ಪೈಕ್ ಹೆದ್ದಾರಿ ಮೇಲೆ ಬಂದವರಿಗೆ ಹಾಗೆ ಕಾಣುವುದು ಸಹಜ. ಆದರೆ ರಾಜ್ಯದ ದಕ್ಷಿಣ ಭಾಗದಲ್ಲಿ ಪೈನ್ ಬ್ಯಾರೆನ್ಸ್ ಎಂಬ ದೊಡ್ಡ ಮರಳುನೆಲದ ಕಾಡಿದೆ. 1978ರಲ್ಲಿ ಸಂರಕ್ಷಿತ ಪ್ರದೇಶವಾಗಿ ಘೋಷಣೆಯಾದ ಸುಮಾರು 11 ಲಕ್ಷ ಎಕರೆ ಅಲ್ಲಿದೆ. ಈಗ ಸುಮ್ಮನಿರುವ ಈ ಕಾಡು ಒಂದು ಕಾಲಕ್ಕೆ ಹಗಲಿರುಳು ದುಡಿದಿದೆ. ಜೌಗಿನ ಕಬ್ಬಿಣದ ಅದಿರು ಕರಗಿಸುವ ಕುಲುಮೆಗಳು, ಅವಕ್ಕೆ ಇದ್ದಿಲು ಸುಡುವವರು, ಹಳ್ಳಹಳ್ಳಕ್ಕೂ ನೀರಿನ ಬಲದಿಂದ ತಿರುಗುವ ಸಾಮಿಲ್ಲು.

ಸೀಡರ್ ಕಡಿಯುವುದು ಅದರಲ್ಲೂ ಕಷ್ಟದ ಕೆಲಸ. ಕಾಲಿಟ್ಟರೆ ಹುದುಗುವ ಜೌಗಿನೊಳಗೆ ಗಾಡಿ ಹೋಗುವುದಿಲ್ಲ, ಅದಕ್ಕೆ ಬೇಡದ ಮರದ ತುಂಡುಗಳನ್ನೇ ಸಾಲಾಗಿ ಹಾಸಿ ದಾರಿ ಮಾಡಿಕೊಳ್ಳುತ್ತಿದ್ದರು. ಹೊರಬಂದ ಮರ ಬೇಲಿ ಕಂಬವಾಯಿತು, ಬಕೆಟ್ಟಾಯಿತು, ನೀರಿನ ತೊಟ್ಟಿಯಾಯಿತು, ದೋಣಿಯ ಹಲಗೆಯಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಮನೆ ಚಾವಣಿಗೆ ಹೆಂಚಿನ ಹಾಗೆ ಹೊದಿಸುವ ತೆಳು ಹಲಗೆಯಾಯಿತು. ಬಾರ್ನಿಗಟ್ ಕೊಲ್ಲಿಯ ಬಾತುಕೋಳಿ ಬೇಟೆಗಾರರು ಬಳಸುವ ಸಣ್ಣ ಚಪ್ಪಟೆ ದೋಣಿ, ಸ್ನೀಕ್‌ಬಾಕ್ಸ್ ಅಂತ, ಅದೂ ಸೀಡರಿನದೇ. ಬಾತುಗಳನ್ನು ಸೆಳೆಯಲು ನೀರಿನ ಮೇಲೆ ತೇಲಿಬಿಡುವ ಮರದ ಬಾತನ್ನೂ ಇದರಲ್ಲೇ ಕೆತ್ತುತ್ತಿದ್ದರು.

ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಪೀಟರ್ ಕಾಲ್ಮ್ 1748ರಲ್ಲಿ ಈ ಕಡೆ ಬಂದಾಗಲೇ ಜೌಗುಗಳು ಬರಿದಾಗುತ್ತಿರುವುದನ್ನು ಕಂಡಿದ್ದ. ನ್ಯೂಯಾರ್ಕ್, ಫಿಲಡೆಲ್ಫಿಯಾದ ಚಾವಣಿಗಳಿಗೆ ಸಾಲದೆಂದು ವೆಸ್ಟ್ ಇಂಡೀಸ್‌ಗೂ ಹಲಗೆ ರವಾನೆಯಾಗುತ್ತಿದೆ, ಇಂದಿನ ಲಾಭಕ್ಕೆ ಕಡಿಯುವವರು ಮುಂದೆ ಹುಟ್ಟುವವರನ್ನು ನೆನೆಯುತ್ತಿಲ್ಲ ಎಂದು ಅವನು ಬರೆದಿಟ್ಟ. ಅಮೆರಿಕ ಎಂಬ ದೇಶವೇ ಇನ್ನೂ ಹುಟ್ಟಿರದ ಕಾಲದ ಮಾತು ಅದು. ಪೂರ್ವ ಕರಾವಳಿಯಲ್ಲಿ ಮೂಲದಲ್ಲಿ 5 ಲಕ್ಷ ಎಕರೆಗೂ ಮೀರಿ ಇದ್ದ ಈ ಸೀಡರ್ ಕಾಡಿನಲ್ಲಿ ಈಗ ಉಳಿದಿರುವುದು 50 ಸಾವಿರ ಎಕರೆಗಿಂತ ಕಡಿಮೆ.

ಮಣ್ಣಿನಡಿಯಿಂದ ಮರ ಅಗೆದು ತೆಗೆಯುತ್ತಿದ್ದರಂತೆ. ಗಣಿ ಹಾಗೆ. ನಿಜವೇ?

ನಿಜ. ಈ ಇಡೀ ಚರಿತ್ರೆಯಲ್ಲಿ ನನಗೆ ತೀರಾ ಇಷ್ಟವಾದ ಭಾಗ ಇದು. ರಾಜ್ಯದ ದಕ್ಷಿಣದ ತುದಿ ಕೇಪ್ ಮೇ ಜಿಲ್ಲೆ, ಅಲ್ಲಿ ಡೆನ್ನಿಸ್‌ವಿಲ್ ಎಂಬ ಊರು. ಅದರ ಸುತ್ತಲಿನ ಜೌಗಿನ ಕೆಸರಿನಲ್ಲಿ ನೂರಾರು ವರ್ಷಗಳಿಂದ ಬಿದ್ದ ಸೀಡರ್ ಮರಗಳು ಒಂದರ ಮೇಲೊಂದು ಹೂತುಹೋಗಿದ್ದವು. ಗಾಳಿಯಾಡದ ಕೆಸರಿನಲ್ಲಿ ಇದ್ದದ್ದರಿಂದ ಕೊಳೆತಿರಲಿಲ್ಲ. 19ನೇ ಶತಮಾನದಲ್ಲಿ ಅಲ್ಲಿಯ ಜನ ಇದನ್ನೇ ಕಸುಬು ಮಾಡಿಕೊಂಡರು.

ಕೆಲಸಗಾರ ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಕೆಸರಿಗೆ ಚುಚ್ಚುತ್ತ ಹೋಗುತ್ತಾನೆ. ಏನೋ ತಗುಲಿದರೆ ಅಲ್ಲಲ್ಲೇ ಮತ್ತೆ ಮತ್ತೆ ಚುಚ್ಚಿ ಮರ ಯಾವ ಕಡೆ ಮಲಗಿದೆ, ಎಷ್ಟು ಉದ್ದ, ಎಷ್ಟು ದಪ್ಪ ಎಂದು ಕಣ್ಣಿಗೆ ಕಾಣದ್ದನ್ನು ಕೈಯಲ್ಲೇ ಅಂದಾಜು ಮಾಡುತ್ತಾನೆ. ಆಮೇಲೆ ಒಂದು ಚಕ್ಕೆ ಕೆತ್ತಿ ಮೇಲೆ ತಂದು ಮೂಗಿಗೆ ಹಿಡಿಯುತ್ತಾನೆ. ಮರ ಬೇರುಸಮೇತ ಗಾಳಿಗೆ ಉರುಳಿದ್ದೋ, ಒಳಗೇ ಲಡ್ಡಾಗಿ ನಡುವೆ ಮುರಿದು ಬಿದ್ದದ್ದೋ ಎಂಬುದು ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಉರುಳಿದ್ದು ಗಟ್ಟಿ, ಮುರಿದದ್ದು ಪ್ರಯೋಜನಕ್ಕಿಲ್ಲ. ಗಟ್ಟಿಯೆಂದು ತಿಳಿದರೆ ಕೆಸರಿನೊಳಗೇ ಗರಗಸ ಇಳಿಸಿ ಎರಡೂ ತುದಿ ಕೊಯ್ಯುವುದು. ಬಿಡಿಸಿಕೊಂಡ ದಿಮ್ಮಿ ತಾನಾಗಿ ಮೇಲೆದ್ದು ತೇಲುತ್ತಿತ್ತು, ತೇಲಿದೊಡನೆ ಹೊರಳಿ ಹೊಟ್ಟೆ ಮೇಲೆ ಮಾಡಿ ನಿಲ್ಲುತ್ತಿತ್ತು. ಅಂಥ ಒಂದು ಮರದ ಉಂಗುರಗಳನ್ನು ಊರಿನ ವೈದ್ಯರೊಬ್ಬರು ಎಣಿಸಿದಾಗ 1,080 ಸಿಕ್ಕವು ಎಂಬ ದಾಖಲೆ ಇದೆ.

ಆ ಸಲಾಕೆಯವರ ಹೆಸರುಗಳು ಬಹಳ ಉಳಿದಿಲ್ಲ. ದಿಮ್ಮಿಯನ್ನು ಬೆರಳಗಂಟಿನಿಂದ ತಟ್ಟಿ ಒಳಗೆ ಪೊಳ್ಳಿದೆಯೋ ಇಲ್ಲವೋ ಹೇಳುತ್ತಿದ್ದ ನಮ್ಮ ಡಿಪೋದ ಹಮಾಲರ ಹೆಸರೂ ಅಷ್ಟೆ.

ಹಾಗಾದರೆ ಈ ಮರಗಳನ್ನು ಕೊಂದದ್ದು ಕೊಡಲಿಯೋ ಸಮುದ್ರವೋ?

ಈ 49 ಮರಗಳು ನಿಂತಿದ್ದ ಜಾಗದಲ್ಲಿ ಉಪ್ಪುನೀರು. ಆದರೆ ಕಾಡು ಈ ಸ್ಥಿತಿಗೆ ಬರುವುದಕ್ಕೆ ಕೊಡಲಿಯೂ ಕಾರಣ. ಸೀಡರ್ ಒತ್ತೊತ್ತಾಗಿ ಬೆಳೆದು ಒಂದಕ್ಕೊಂದು ಆಸರೆಯಾಗಿರುವ ಮರ. ಅಂಚಿನವನ್ನು ಕಡಿದರೆ ಒಳಗಿನವು ಗಾಳಿಗೆ ಉರುಳುತ್ತವೆ. ಕಡಿದ ಜಾಗಕ್ಕೆ ಬೆಳಕು ಬಿದ್ದು ಸಸಿ ಎದ್ದರೂ ಜಿಂಕೆ ಮೇಯುತ್ತದೆ, ಇಲ್ಲವಾದರೆ ಕೆಂಪು ಮೇಪಲ್ ಮುಂದಾಗಿ ಬೆಳೆದು ನೆರಳು ಕವಿಯುತ್ತದೆ. ಎಷ್ಟೋ ಜೌಗನ್ನು ಕಡಿದ ಮೇಲೆ ಕ್ರ್ಯಾನ್‌ಬೆರಿ ಎಂಬ ಹುಳಿಹಣ್ಣಿನ ಗದ್ದೆ ಮಾಡಿದರು. ಹೀಗೆ ತುಂಡುತುಂಡಾಗಿ ಉಳಿದ ಕಾಡಿನ ಮೇಲೆ ಈಗ ಕಡಲು ಬರುತ್ತಿದೆ. ನ್ಯೂಜೆರ್ಸಿಯ ಕರಾವಳಿಯಲ್ಲಿ 1911ರಿಂದೀಚೆಗೆ ಕಡಲ ಮಟ್ಟ ಸುಮಾರು ಒಂದೂವರೆ ಅಡಿ ಏರಿದೆ, ನೆಲವೂ ನಿಧಾನಕ್ಕೆ ಕುಸಿಯುತ್ತಿದೆ. 2012ರ ಅಕ್ಟೋಬರಿನಲ್ಲಿ ಬಂದ ಸ್ಯಾಂಡಿ ಚಂಡಮಾರುತದಂಥವು ಒಂದೇ ರಾತ್ರಿಯಲ್ಲಿ ಉಪ್ಪುನೀರನ್ನು ಒಳನಾಡಿಗೆ ತಳ್ಳುತ್ತವೆ.

ಕಲೆಗೋಸ್ಕರ 49 ಮರ ಕಡಿದದ್ದು ತಪ್ಪಲ್ಲವೇ?

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದ ಪ್ರಶ್ನೆಯೂ ಹೌದು. ಕಲೆಗಾಗಿ ಹುಡುಕಿ ಕಡಿದ ಮರಗಳಲ್ಲ ಅವು. ಉಪ್ಪುನೀರಿನಿಂದ ಹಾಳಾದ ಆ ಜಾಗದಲ್ಲಿ ಸುತ್ತಲಿನ ಸೀಡರ್ ಮತ್ತೆ ಚಿಗುರಲಿ ಎಂದು ತೆರವು ಮಾಡಬೇಕೆಂದು ಮೊದಲೇ ಗುರುತು ಹಾಕಿದ್ದವು. ಸೀಡರ್ ಸಸಿಗೆ ಬೆಳಕು ಬೇಕು. ಮರ ತರುವ, ನಿಲ್ಲಿಸುವ ಕೆಲಸದಲ್ಲಿ ಸುಟ್ಟ ಇಂಧನದ ಲೆಕ್ಕವನ್ನೂ ಅವರು ಬಿಡಲಿಲ್ಲ. ಅದಕ್ಕೆ ಬದಲಾಗಿ ನ್ಯೂಯಾರ್ಕಿನ ಐದೂ ಭಾಗಗಳಲ್ಲಿ ಒಟ್ಟು 1,000 ಸ್ಥಳೀಯ ಮರ, ಪೊದೆಗಳನ್ನು ನೆಡುವುದನ್ನು ಕೃತಿಯ ಭಾಗವಾಗಿಯೇ ಮಾಡಿದರು.

ಇಷ್ಟರಿಂದ ಎಲ್ಲ ಸರಿಹೋಯಿತೇ ಎಂದು ಕೇಳಿದರೆ, ಇಲ್ಲ. ಆದರೆ ಲಾರಿಯಲ್ಲಿ ತಂದ ಮರಕ್ಕೆ ಲೆಕ್ಕ ಕೊಟ್ಟವರು ಎಷ್ಟು ಜನ? ಬೃಹತ್ ವೇದಿಕೆ, ಸ್ವಾಗತ ಕಮಾನು ಹಾಕಿ ಮಾರನೇ ದಿನ ಕಸದ ಗಾಡಿಗೆ ತುಂಬುವವರಿಗೆ ನಾವು ಈ ಪ್ರಶ್ನೆಯನ್ನು ಇಷ್ಟೇ ಗಟ್ಟಿಯಾಗಿ ಕೇಳಬೇಕು.

ಟಿಕೆಟ್ ಇತ್ತಾ?

ಇಲ್ಲ. ಅದು ಸಾರ್ವಜನಿಕ ಪಾರ್ಕು. ಯಾರು ಬೇಕಾದರೂ ಒಳಗೆ ನಡೆದು, ಮರ ಮುಟ್ಟಿ, ಬುಡದಲ್ಲಿ ಕೂತು ಊಟ ಮಾಡಬಹುದಿತ್ತು. ಬಹಳ ಜನ ಅದನ್ನೇ ಮಾಡಿದರು.

ನೀವು ನೋಡಿದಾಗ ಹೇಗಿತ್ತು? ಬರೀ ಒಣಮರ ನೋಡಲು ಹೋಗಬೇಕಾ?

ಮೊದಲ ಸಲ ಹೋದದ್ದು ಜೂನ್‌ನಲ್ಲಿ, ಮಧ್ಯಾಹ್ನ. ಪಾರ್ಕಿನ ಮರಗಳೆಲ್ಲ ದಟ್ಟ ಹಸಿರು. ನಡುವೆ ಈ ಬೂದು ಕಂಬಗಳ ಗುಂಪು. ಸುತ್ತಲಿನ ಹಸಿರಿನಿಂದಾಗಿ ಅವು ಇನ್ನೂ ಒಣಗಿದಂತೆ ಕಾಣುತ್ತಿದ್ದವು. ನೆರಳು ಸಿಗಬಹುದು ಎಂದು ಬುಡಕ್ಕೆ ಹೋದರೆ ನೆಲದ ಮೇಲೆ ಬಿದ್ದದ್ದು ಗೆರೆಯಂಥ ನೆರಳು, ಕೊಡೆಯಂಥದ್ದಲ್ಲ. ನಾನು ಕಾಂಡದ ಮೇಲೆ ಕೈಯಿಟ್ಟೆ. ತೊಗಟೆ ಉದ್ದುದ್ದ ನಾರಾಗಿ ಸಿಪ್ಪೆಯೇಳುತ್ತಿತ್ತು, ಒಂದು ಕಡೆ ಒರಟು, ಸಿಪ್ಪೆ ಹೋದ ಕಡೆ ನುಣ್ಣಗೆ. ಪಕ್ಕದಲ್ಲಿ ಒಬ್ಬ ತಾಯಿ ಮಗುವಿಗೆ ಮರಗಳ ಲೆಕ್ಕ ಹೇಳಿಕೊಡುತ್ತಿದ್ದಳು. ಮಗು ಹನ್ನೆರಡಕ್ಕೆ ಹೋಗಿ ಮತ್ತೆ ಒಂದರಿಂದ ಶುರು ಮಾಡುತ್ತಿತ್ತು.

ಫೋನಿನಲ್ಲಿ ಕೇಳುವ ಒಂದು ಧ್ವನಿಮುದ್ರಿಕೆಯೂ ಇತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಕೇಂದ್ರದ ಸಂಗ್ರಹದಿಂದ, ಒಂದು ಕಾಲಕ್ಕೆ ಮ್ಯಾನ್‌ಹಾಟನ್ ದ್ವೀಪದಲ್ಲಿದ್ದ ಪ್ರಾಣಿ ಪಕ್ಷಿಗಳ ಕೂಗನ್ನು ಸೇರಿಸಿ ಮಾಡಿದ್ದು. ಕಿವಿಯಲ್ಲಿ ಕಾಡು, ಕಣ್ಣೆದುರು ಹಳದಿ ಟ್ಯಾಕ್ಸಿ. ಇಯರ್‌ಫೋನ್ ತೆಗೆದಾಗ ನನಗೆ ಹೇಳಲಾಗದ ಸಂಕಟವಾಯಿತು.

ಕೊನೆಯ ಸಲ ಹೋದದ್ದು ನವೆಂಬರ್ ಮೊದಲ ವಾರ. ಅಷ್ಟರಲ್ಲಿ ಪಾರ್ಕಿನ ಮರಗಳ ಎಲೆಯೂ ಉದುರತೊಡಗಿತ್ತು. ದೂರದಿಂದ ನೋಡಿದರೆ ಯಾವುದು ಸತ್ತದ್ದು, ಯಾವುದು ಬದುಕಿದ್ದು ಎಂದು ಒಂದು ಕ್ಷಣ ತಿಳಿಯಲಿಲ್ಲ. ಒಂದೇ ಸಲ ನೋಡಿದ್ದರೆ ನನಗೆ ಇದು ದಕ್ಕುತ್ತಲೇ ಇರಲಿಲ್ಲ.

ಅಷ್ಟು ಕಷ್ಟಪಟ್ಟು ನಿಲ್ಲಿಸಿ ಆರು ತಿಂಗಳಿಗೆ ಯಾಕೆ ತೆಗೆದರು? ಇಟ್ಟುಕೊಳ್ಳಬಹುದಿತ್ತಲ್ಲ?

ಈ ಪ್ರಶ್ನೆ ನಮ್ಮವರು ಕೇಳಿದಾಗ ನನಗೆ ಸ್ವಲ್ಪ ಆಶ್ಚರ್ಯವಾಗುತ್ತದೆ. ಬೆಳಿಗ್ಗೆ ಹಾಕಿದ ರಂಗೋಲಿ ಸಂಜೆಗೆ ಅಳಿಸಿರುತ್ತದೆ. ಮಣ್ಣಿನ ಗಣಪತಿಯನ್ನು ಕೈಯಾರೆ ಮಾಡಿ, ಪೂಜೆ ಮಾಡಿ, ಕೈಯಾರೆ ನೀರಿಗೆ ಬಿಡುತ್ತೇವೆ. ಬಿಡದೆ ಇಟ್ಟುಕೊಂಡರೇ ನಮಗೆ ಏನೋ ತಪ್ಪಿದ ಹಾಗೆ ಅನ್ನಿಸುತ್ತದೆ. ಮುಗಿಯುವುದೂ ಕೆಲಸದ ಒಂದು ಭಾಗ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಮರದ ವಿಷಯದಲ್ಲಿ ಇದು ಇನ್ನೂ ಸರಿ ಎಂದು ನನ್ನ ಅಭಿಪ್ರಾಯ. ನಾಟಾ ಕೆಲಸದಲ್ಲಿ ಯಾವುದೂ ಒಂದೇ ಕಡೆ ನಿಲ್ಲುವುದಿಲ್ಲ. ಮರ ಕಡಿಯುವ ಜಾಗ, ಅಂದರೆ ಕೂಪು, ಈ ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ; ಕೆಲಸಗಾರರ ಗುಡಿಸಲು ಒಂದು ಬೇಸಿಗೆಗೆ; ದಿಮ್ಮಿ ಡಿಪೋದಲ್ಲಿ ಇರುವುದು ಹರಾಜಾಗುವವರೆಗೆ. ಇಂಥ ಬದುಕಿನ ನೆನಪಿಗೆ ಸಿಮೆಂಟು ಬೊಂಬೆ ನಿಲ್ಲಿಸಿದರೆ ಅದು ಕೊಡಲಿ ಹಿಡಿದ ಆಳು ನಗುತ್ತ ನಿಂತ ಪ್ರತಿಮೆಯಾಗುತ್ತದೆ. ಎರಡು ವರ್ಷದಲ್ಲಿ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಬಂದು ಹೋದ 49 ಮರಗಳ ಜಾಗ ಮಾತ್ರ ನನಗೆ ಇವತ್ತಿಗೂ ಖಾಲಿಯಾಗಿ ಕಾಣುತ್ತದೆ. ಕಾಡು ಹೋದದ್ದು ಹೇಗಿರುತ್ತದೆ ಎಂಬುದನ್ನು ಆ ಖಾಲಿ ಹುಲ್ಲುಹಾಸು ತೋರಿಸಿದಷ್ಟು ಚೆನ್ನಾಗಿ ಬೇರೆ ಯಾವುದೂ ನನಗೆ ತೋರಿಸಿಲ್ಲ.

ಆಮೇಲೆ ಆ ಮರ ಏನಾಯಿತು? ಸುಟ್ಟರಾ?

ದೋಣಿಗೆ ಹೋಯಿತು. ಬ್ರಾಂಕ್ಸ್ ಭಾಗದಲ್ಲಿ ರಾಕಿಂಗ್ ದ ಬೋಟ್ ಎಂಬ ಸಂಸ್ಥೆ ಇದೆ. ಹದಿಹರೆಯದ ಹುಡುಗ ಹುಡುಗಿಯರಿಗೆ ಮರದ ದೋಣಿ ಕಟ್ಟುವುದನ್ನು ಕಲಿಸುತ್ತಾರೆ, ಅದೇ ದೋಣಿಯನ್ನು ಬ್ರಾಂಕ್ಸ್ ನದಿಗೆ ಇಳಿಸುತ್ತಾರೆ. ಪ್ರದರ್ಶನ ಮುಗಿದ ಮೇಲೆ ಸೀಡರ್‌ಗಳನ್ನು ಇಳಿಸಿ, ಕೊಯ್ದು ಹಲಗೆ ಮಾಡಿ ಅವರಿಗೆ ಕೊಟ್ಟರು.

ನ್ಯೂಜೆರ್ಸಿಯ ಜೌಗಿನವರು ಇನ್ನೂರು ಮುನ್ನೂರು ವರ್ಷ ಈ ಮರದಿಂದ ಏನು ಮಾಡಿದರೋ ಅದೇ ಮತ್ತೆ ಆಯಿತು. ಸೀಡರ್ ಹಲಗೆ ಹಗುರ, ನೀರಿಗೆ ಅಂಜುವುದಿಲ್ಲ. ನೀರೇ ಕೊಂದ ಮರ ನೀರಿನ ಮೇಲೆ ತೇಲುವ ದೋಣಿಯಾಯಿತು ಎಂದು ಯೋಚಿಸಿದಾಗಲೆಲ್ಲ ಮನಸ್ಸಿಗೆ ಸಮಾಧಾನವಾಗುತ್ತದೆ. ಈ ಕೃತಿ ಪೂರ್ತಿಯಾದದ್ದು ನವೆಂಬರ್ 14ರಂದು ಅಲ್ಲ, ಆ ಮಕ್ಕಳ ಕೈಯಲ್ಲಿ ಎಂದು ನಾನು ತಿಳಿದಿದ್ದೇನೆ.

ಬೇರೆ ಕಡೆ ಇಂಥದ್ದು ಆಗಿದೆಯೇ?

ಆಗಿದೆ. ನನಗೆ ಮುಖ್ಯವೆನಿಸುವುದು ಇದೇ ಹೆಸರಿನ, ಇದಕ್ಕಿಂತ ಹಳೆಯ ಒಂದು ಕೃತಿ. 2009ರ ನವೆಂಬರ್‌ನಲ್ಲಿ ಕಲಾವಿದೆ ಏಂಜೆಲಾ ಪಾಮರ್ ಪಶ್ಚಿಮ ಆಫ್ರಿಕದ ಘಾನಾ ದೇಶದ ಮಳೆಕಾಡಿನಿಂದ ಹತ್ತು ದೈತ್ಯ ಮರಗಳ ಬುಡಗಳನ್ನು, ಬೇರುಸಮೇತ, ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ತಂದು ಇಟ್ಟರು. ಆ ಕಾಡು ನಾಟಾಕ್ಕೆಂದು ಕಡಿಯುವ ಕಾಡು. ತಂದ ಬುಡಗಳಲ್ಲಿ ಹೆಚ್ಚಿನವು ಬಿರುಗಾಳಿಗೆ ಉರುಳಿದವು. ಘಾನಾ ಐವತ್ತು ವರ್ಷಗಳಲ್ಲಿ ತನ್ನ ಮೂಲ ಮಳೆಕಾಡಿನ ಶೇ. 90ರಷ್ಟನ್ನು ಕಳೆದುಕೊಂಡಿದೆ ಎಂಬುದನ್ನು ಯುರೋಪಿನ ಜನರ ಕಣ್ಣಿಗೆ ಹಿಡಿಯಬೇಕಿತ್ತು ಅವರಿಗೆ. ಆ ಮರ ಬಹಳ ಕಾಲ ಹಡಗು ಹತ್ತಿ ಹೋಗಿದ್ದು ಅದೇ ಯುರೋಪಿನ ಬಾಗಿಲು ಕಿಟಕಿಗಳಿಗೆ. ಅದೇ ಡಿಸೆಂಬರ್‌ನಲ್ಲಿ ಬುಡಗಳು ಹವಾಮಾನ ಸಮ್ಮೇಳನ ನಡೆಯುತ್ತಿದ್ದ ಕೋಪನ್‌ಹೇಗನ್‌ಗೆ ಹೋದವು. 2010ರಿಂದ ಆಕ್ಸ್‌ಫರ್ಡ್‌ನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದ ಮುಂದೆ ಇದ್ದು, ಕೊನೆಗೆ ವೇಲ್ಸ್‌ನ ರಾಷ್ಟ್ರೀಯ ಸಸ್ಯೋದ್ಯಾನ ಸೇರಿದವು. ಕಾಂಡವಿಲ್ಲದ ಬುಡವನ್ನು ಇಟ್ಟದ್ದೇ ಅದರ ಶಕ್ತಿ. ಮೇಲೆ ನೋಡಿದರೆ ಬರೀ ಆಕಾಶ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ್ಯಂಡಿ ಗೋಲ್ಡ್ಸ್‌ವರ್ದಿ 2008ರಲ್ಲಿ ಮುದಿಯಾಗಿ ಕಡಿಯಲೇಬೇಕಾದ 37 ಸೈಪ್ರೆಸ್ ಮರಗಳನ್ನು ಗೋಪುರದ ಹಾಗೆ ಕಟ್ಟಿದರು. 2020ರಲ್ಲಿ ಅದಕ್ಕೆ ಬೆಂಕಿ ಬಿತ್ತು, ಈಗ ಕಪ್ಪಾಗಿ ನಿಂತಿದೆ. ಪ್ಯಾಟ್ರಿಕ್ ಡೋಹರ್ಟಿ ಎಳೆಯ ಕೊಂಬೆಗಳನ್ನು ಹೆಣೆದು ಮನೆಯಂಥ ಆಕಾರಗಳನ್ನು ಮಾಡುತ್ತಾರೆ, ಎರಡು ವರ್ಷದ ಹೊತ್ತಿಗೆ ಅವು ಮಣ್ಣಿಗೆ ಹೋಗುತ್ತವೆ.

ಕಾಡು ಕಡಿದದ್ದನ್ನು ಪರಂಪರೆ ಅಂತ ಕರೆಯಬಹುದಾ? ಅದು ನಾಚಿಕೆಯ ವಿಷಯವಲ್ಲವೇ?

ನನ್ನ ಅಜ್ಜನ ಅಂಗೈ ನೆನೆದು ಹೇಳುತ್ತೇನೆ, ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಕಡಿಯಿರಿ ಎಂದವರು ಬೇರೆ, ಕಡಿದವರು ಬೇರೆ. ಜೌಗಿನಲ್ಲಿ ಸೊಂಟದವರೆಗೆ ಹೂತು ದುಡಿದವನ ಮನೆಯಲ್ಲಿ ಆ ಹಣ ಉಳಿಯಲಿಲ್ಲ. ಅವನ ಕೈಯಲ್ಲಿದ್ದ ಜ್ಞಾನ, ಚಕ್ಕೆ ಮೂಸಿ ಮರದ ಸಾವನ್ನು ಹೇಳುವ ಜಾಣ್ಮೆ, ಅದಕ್ಕೆ ಗೌರವ ಸಲ್ಲಬೇಕು. ಲೆಕ್ಕವಿಲ್ಲದೆ ಕಡಿಸಿದ್ದಕ್ಕೆ ತಪ್ಪೊಪ್ಪಿಗೆಯೂ ಬೇಕು. ಇವೆರಡರಲ್ಲಿ ಒಂದನ್ನು ಮುಚ್ಚಿಟ್ಟ ಕಲೆ ನನಗೆ ಒಪ್ಪಿಗೆಯಾಗುವುದಿಲ್ಲ. ಮಾಯಾ ಲಿನ್ ಅವರ ಕೃತಿಯಲ್ಲಿ ಕಾಡಿನ ದುಃಖ ಪೂರ್ತಿ ಇತ್ತು, ಕೆಲಸಗಾರರು ಕಡಿಮೆ ಇದ್ದರು. ಆ ಕೊರತೆಯನ್ನು ಕೊನೆಯಲ್ಲಿ ದೋಣಿ ತುಂಬಿತು.

ದಾಂಡೇಲಿಯಲ್ಲಿ ಇಂಥದ್ದು ಮಾಡಬಹುದಾ?

ಮಾಡಬೇಕು ಎಂಬುದು ನನ್ನ ಆಸೆ. ದಾಂಡೇಲಿ, ಹಳಿಯಾಳ, ಯಲ್ಲಾಪುರದ ಸಾಗವಾನಿ, ಮತ್ತಿ, ಬೀಟೆ ಎಲ್ಲೆಲ್ಲಿಗೆ ಹೋಗಿದೆ ಎಂದು ಲೆಕ್ಕವಿಟ್ಟವರಾರು? ಅಳ್ನಾವರದಿಂದ ದಾಂಡೇಲಿ ಕಡೆಗೆ ಬ್ರಿಟಿಷರ ಕಾಲದಲ್ಲಿ ರೈಲು ಹಳಿ ಬಂದದ್ದೇ ನಾಟಾ ಸಾಗಿಸಲಿಕ್ಕೆ. 1955ರಲ್ಲಿ ಕಾಗದದ ಕಾರ್ಖಾನೆಯ ಕಂಪನಿ ಸ್ಥಾಪನೆಯಾಗಿ ಮುಂದೆ ಕಾಡಿನ ಬಿದಿರಿಗೂ ಕೆಲಸ ಬಂತು. ಕೂಪುಗಳಲ್ಲಿ ಸಿದ್ದಿ, ಗೌಳಿ, ಕುಣಬಿ ಜನ ದುಡಿದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರ ಅಪ್ಪಿಕೊಂಡದ್ದೂ ಇದೇ ಜಿಲ್ಲೆಯಲ್ಲಿ. ಕಡಿದ ಕಥೆ, ಉಳಿಸಿದ ಕಥೆ ಎರಡೂ ನಮ್ಮಲ್ಲೇ ಇವೆ.

ಒಂದೂ ಮರ ಕಡಿಯದೆ ಮಾಡುವ ದಾರಿಯಿದೆ. ಡಿಪೋದಲ್ಲಿ ಹರಾಜಿಗೆ ಕಾದಿರುವ ದಿಮ್ಮಿಗಳನ್ನೇ, ಅವುಗಳ ತುದಿಯ ಸುತ್ತಿಗೆ ಗುರುತು, ಬಣ್ಣದ ನಂಬರು ಸಹಿತ, ಒಂದೆರಡು ತಿಂಗಳ ಮಟ್ಟಿಗೆ ಅಲ್ಲೇ ಬೇರೆ ರೀತಿಯಲ್ಲಿ ನಿಲ್ಲಿಸುವುದು. ಪಕ್ಕದಲ್ಲಿ ಕೂಪಿನಲ್ಲಿ ದುಡಿದ ಹಿರಿಯರ ದನಿ ಕೇಳಿಸುವುದು. ಅವಧಿ ಮುಗಿದ ಮೇಲೆ ಎಂದಿನಂತೆ ಹರಾಜು. ಡಿಪೋ ಆವರಣದೊಳಗೇ ಮಾಡಿದರೆ ಸಾಗಾಣಿಕೆ ಪಾಸಿನ ತಾಪತ್ರಯ ಇಲ್ಲ. ಹೊರಗೆ ತರುವುದಾದರೆ ಅರಣ್ಯ ಇಲಾಖೆಯ ರಹದಾರಿ ಬೇಕೇ ಬೇಕು. ದೀಪಾವಳಿ ಆದ ಮೇಲೆ ಶುರು ಮಾಡಿ ಮಳೆಗೆ ಮೊದಲು ಮುಗಿಸಬೇಕು. ನಮ್ಮ ನೆಲದಲ್ಲಿ ದಿಮ್ಮಿಯ ಬುಡ ಮಣ್ಣಿಗೆ ತಾಗಿದರೆ ಒಂದು ಮಳೆಗಾಲ ಸಾಕು, ಹೊರಸುತ್ತಿನ ಬೆಳ್ಳುಮರವೆಲ್ಲ ಗೆದ್ದಲ ಪಾಲು. ಕೆಳಗೆ ಕಲ್ಲು ಕೊಟ್ಟೇ ನಿಲ್ಲಿಸಬೇಕು.

ಈಗ ಬಂದರೆ ಏನು ನೋಡಬಹುದು?

ಮ್ಯಾಡಿಸನ್ ಸ್ಕ್ವೇರ್‌ನಲ್ಲಿ ಹುಲ್ಲು ಮಾತ್ರ. ಜೀವಂತ ಸೀಡರ್ ನೋಡಬೇಕೆಂದರೆ ಎಡಿಸನ್ ಕಡೆಯವರಿಗೆ ಹತ್ತಿರದ್ದು ಚೀಸ್‌ಕ್ವೇಕ್ ಸ್ಟೇಟ್ ಪಾರ್ಕು. ಅಲ್ಲಿಯ ಸೀಡರ್ ಜೌಗಿನ ಮೇಲೆ ಹಲಗೆಯ ಕಾಲುದಾರಿ ಇದೆ. ಒಂದು ಇಡೀ ದಿನ ಬಿಡುವಿದ್ದರೆ ದಕ್ಷಿಣಕ್ಕೆ ಡಬಲ್ ಟ್ರಬಲ್ ಸ್ಟೇಟ್ ಪಾರ್ಕಿಗೆ ಹೋಗಿ. ಹಳೆಯ ಸಾಮಿಲ್ಲು, ಕ್ರ್ಯಾನ್‌ಬೆರಿ ಊರು, ಚಹಾಬಣ್ಣದ ಹೊಳೆ ಮೂರೂ ಒಂದೇ ಕಡೆ. ದೋಣಿ, ಮರದ ಬಾತು ಇಷ್ಟಪಡುವವರಿಗೆ ಟಕರ್‌ಟನ್ ಸೀಪೋರ್ಟ್ ವಸ್ತುಸಂಗ್ರಹಾಲಯ.

ಅಪ್ಪ ಬಂದಾಗ ಚೀಸ್‌ಕ್ವೇಕ್‌ಗೆ ಕರೆದುಕೊಂಡು ಹೋಗಿದ್ದೆ. ಹಲಗೆದಾರಿಯ ನಡುವೆ ನಿಂತು, ಕೈಗೆಟುಕುವ ಮರವನ್ನು ಬೆರಳಗಂಟಿನಿಂದ ಎರಡು ಸಲ ತಟ್ಟಿ, ಕಿವಿ ಹತ್ತಿರ ತಂದು, "ಇದರ ಚೇಗು ಯಾವ ಬಣ್ಣನೋ?" ಎಂದು ಕೇಳಿದರು. ಒಳತಿರುಳು ತಿಳಿಗೆಂಪು ಎಂದೆ. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಹೋಗುವವರು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ, ಮನೆಗೆ ಬಂದ ಕೂಡಲೇ ಮಕ್ಕಳ ಮೈ ನೋಡಿ. ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. ಇಲ್ಲಿಯ ಉಣುಗು ಲೈಮ್ ಕಾಯಿಲೆ ತರುತ್ತದೆ.